ನಾಯಿಯ ಪಾಲಿನ ಸ್ಟ್ರಾಬೆರಿ

ನಮ್ಮ ಮಾವನವರಿಗೆ ಸ್ಟ್ರಾಬೆರಿಯ ಹುಚ್ಚು ಹಿಡಿದದ್ದು ಬೆಳಗಾವಿ ಕಡೆಯ ಬೀಗರ ಮನೆಗೆ ಮದುವೆಗೆಂದು ಹೋಗಿ ಬಂದ ಮೇಲೆ. ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರೆ ಇವರೊಬ್ಬರೇ ಎದ್ದು ಬೀಗರ ಹೊಲ ನೋಡಲು ಹೋಗಿದ್ದರಂತೆ. ಬರುವಾಗ ಧೋತರದ ಚುಂಗಿನಲ್ಲಿ ನಾಲ್ಕೈದು ಹಣ್ಣು ಕಟ್ಟಿಕೊಂಡು ಬಂದರು. ನಮ್ಮೂರು ದುಮ್ಮವಾಡಕ್ಕೆ ಬಂದು ಮುಟ್ಟುವ ಹೊತ್ತಿಗೆ ಹಣ್ಣು ಹಿಚುಕಿ ಹೋಗಿ, ಬಿಳಿ ಧೋತರ ಕೆಂಪಾಗಿತ್ತು.

"ಅಯ್ಯ, ಇದೇನು ರಕ್ತ ಹಚಗೊಂಡು ಬಂದೀರಿ?" ಎಂದು ಅತ್ತೆ ಗಾಬರಿಯಾದರು.

"ರಕ್ತ ಅಲ್ಲ, ಹಣ್ಣು. ಮುಂದಿನ ವರ್ಷ ನಮ್ಮ ಹೊಲದಾಗ ಬೆಳಿತೈತಿ ನೋಡು" ಎಂದರು ಮಾವ. ಆ ಕಲೆ ಕೊನೆಗೂ ಹೋಗಲಿಲ್ಲ. ಅತ್ತೆ ಅದನ್ನು ತಿಕ್ಕುವಾಗಲೆಲ್ಲ ಬೀಗರನ್ನು ಬೈಯುತ್ತಿದ್ದರು.

ನಾನು ನವಲಗುಂದ ಕಡೆಯ ಎರೆಭೂಮಿಯಿಂದ ಬಂದವಳು. ನಮ್ಮಲ್ಲಿ ಹೊಲದ ಹಣ್ಣೆಂದರೆ ಬಾರಿಹಣ್ಣು, ಅದೂ ಬದುವಿನ ಮೇಲೆ ತಾನಾಗಿ ಎದ್ದ ಗಿಡದ್ದು. ಸೊಸೆಯಾಗಿ ಈ ಕೆಂಪು ನೆಲಕ್ಕೆ ಬಂದ ಮೇಲೆ ಭತ್ತ, ಗೋವಿನಜೋಳ, ಕಬ್ಬು, ಮಾವು ನೋಡಿದ್ದೆ. ಸ್ಟ್ರಾಬೆರಿಯನ್ನು ಮಾತ್ರ ಐಸ್‌ಕ್ರೀಮ್ ಡಬ್ಬಿಯ ಮೇಲಿನ ಚಿತ್ರದಲ್ಲಿ ಕಂಡಿದ್ದೆನೇ ಹೊರತು ಗಿಡದಲ್ಲಿ ಕಂಡಿರಲಿಲ್ಲ. ನಾನು ಹತ್ತಿರದ ಊರಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ನನ್ನ ಗಂಡ ಆಗ ತಮ್ಮ ತಂದೆಯ ಜೊತೆ ಒಕ್ಕಲುತನ ನೋಡಿಕೊಳ್ಳುತ್ತಿದ್ದರು. ಅಪ್ಪನ ಆಸೆಗೆ ಅಡ್ಡ ಹೇಳಲಾರದೆ ಅವರು ನಗುತ್ತಲೇ ಒಪ್ಪಿದರು. ಮಳೆಗಾಲ ಹಿಂದೆ ಸರಿದ ಮೇಲೆ ಮಹಾಬಳೇಶ್ವರದ ಕಡೆಯಿಂದ ಸಸಿಗಳು ಬಂದವು. ಬಾವಿಯ ಬಾಜು ಇದ್ದ ಸಣ್ಣ ತುಂಡಿನಲ್ಲಿ ಮಣ್ಣೇರಿಸಿ ಸಾಲು ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಹನಿ ನೀರಿನ ಪೈಪು ಎಳೆದು ಸಸಿ ಹಚ್ಚಿದರು.

ಆ ಸಾಲುಗಳ ನಡುವೆ ಮಾವನ ಹಿಂದೆ ಹಿಂದೆಯೇ ನಡೆಯುತ್ತಿದ್ದದ್ದು ನಮ್ಮ ನಾಯಿ. ಕಂದು ಮೈ, ಬಾಲದ ತುದಿ ಮಾತ್ರ ಬಿಳಿ. ಮರಿಯಿದ್ದಾಗ ಕಬ್ಬಿನ ಗಾಡಿಯ ಕೆಳಗೆ ಸಿಕ್ಕ ಊರನಾಯಿ. ಮಾವ ಅದಕ್ಕೆ ಹೆಸರೆಂದು ಇಟ್ಟಿರಲಿಲ್ಲ, "ಕೂಸ" ಎಂದು ಕರೆಯುತ್ತಿದ್ದರು. ಹಾಗಾಗಿ ಅದು ಎಲ್ಲರಿಗೂ ಕೂಸಾಯಿತು, ಅತ್ತೆಯೊಬ್ಬರನ್ನು ಬಿಟ್ಟು. ಅತ್ತೆಯದು ಲಿಂಗಪೂಜೆ ಮಾಡದೆ ನೀರೂ ಮುಟ್ಟದ ನಿಷ್ಠೆ. ನಾಯಿ ಹೊಸ್ತಿಲು ದಾಟುವಂತಿರಲಿಲ್ಲ, ಸೀರೆಗೆ ತಾಗುವಂತಿರಲಿಲ್ಲ. ಅವರು ಅದಕ್ಕೆ ಹೇಳುತ್ತಿದ್ದ ಮಾತು ಒಂದೇ: "ಹಚಾ, ಸರಿ ಅತ್ತಾಗ."

ಮಾವನಿಗೆ ಒಂದು ಪದ್ಧತಿಯಿತ್ತು. ಮುಂಜಾನೆ ಅತ್ತೆ ಒಲೆಯಿಂದ ಬಿಸಿ ರೊಟ್ಟಿ ತೆಗೆದು ತಾಟಿಗೆ ಹಾಕಿದ ಕೂಡಲೇ ಅದನ್ನು ಎರಡು ಮಾಡಿ, ಒಂದು ಪಾಲನ್ನು ಆರಿಸಿ ಹೊರಗೆ ಕಟ್ಟೆಯ ಮೇಲೆ ಕೂಸಿಗೆ ಹಾಕುತ್ತಿದ್ದರು. ಆಮೇಲೆ ತಾವು ಉಣ್ಣುತ್ತಿದ್ದರು. ಅತ್ತೆ ಒಲೆಯ ಮುಂದಿನಿಂದಲೇ, "ಮನಷಾರ ಉಂಡ ಮ್ಯಾಲೆ ಹಾಕಿದ್ರ ಆಗೂದಿಲ್ಲೇನು?" ಎನ್ನುವುದು, ಮಾವ ಕೇಳಿಸಿಕೊಳ್ಳದವರಂತೆ ಪಲ್ಯ ಕೇಳುವುದು. ಮದುವೆಯಾಗಿ ಬಂದಾಗಿನಿಂದ ನಾನು ಈ ಸಂಭಾಷಣೆ ಕೇಳುತ್ತ ಬಂದಿದ್ದೆ.

ದೀಪಾವಳಿ ಕಳೆದು ಚಳಿ ಬೀಳತೊಡಗಿದಾಗ ಗಿಡಗಳು ಹೂ ಬಿಟ್ಟವು. ಒಂದು ಸಂಜೆ ನಾನು ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಮಾವ ಕೈಹಿಡಿದು ಹೊಲಕ್ಕೆ ಕರೆದುಕೊಂಡು ಹೋದರು. ಎಲೆಯನ್ನು ಮೆಲ್ಲಗೆ ಎತ್ತಿ, ಕೆಳಗೆ ಅಂಗಿಯ ಗುಂಡಿಯಷ್ಟು ದೊಡ್ಡದಾಗಿದ್ದ ಹಸಿರು ಕಾಯಿಯನ್ನು ತೋರಿಸಿದರು. "ನೋಡವಾ, ತಲಿ ಕೆಳಗ ಮಾಡಿ ಮಲಗೈತಿ" ಎಂದರು. ಕೂಸು ಅವರ ಮೊಣಕಾಲಿನ ಸಂದಿಯಿಂದ ಮೂತಿ ತೂರಿಸಿ ಆ ಕಾಯಿಯನ್ನು ಮೂಸಿತು. ಮಾವ ಅದರ ಮೂಗನ್ನು ಬೆರಳಿನಿಂದ ಆಚೆ ಸರಿಸಿದರು. "ತಡಿ, ಕೆಂಪ ಆಗಲಿ. ಮೊದಲನೇದು ನಿನಗ" ಎಂದರು.

ಅದಾದ ಮುಂದಿನ ವಾರ, ಮುಂಜಾನೆ ಕಟ್ಟೆಯ ಮೇಲೆ ಕುಳಿತವರು ಹಾಗೆಯೇ ಗೋಡೆಗೆ ಒರಗಿದರು. ನಾನು ಶಾಲೆಗೆ ಹೊರಟಿದ್ದೆ. ಮೊದಲು ಬಿಸಿಲು ಕಾಯುತ್ತಿದ್ದಾರೆ ಅಂದುಕೊಂಡೆ. ಕೂಸು ಅವರ ಕಾಲ ಬಳಿ ಕುಳಿತು ಮುಖ ನೋಡುತ್ತಿತ್ತು. ಬೊಗಳಲಿಲ್ಲ. ಡಾಕ್ಟರು ಬಂದು ನೋಡಿ, ಎದೆ ನಿಂತಿದೆ ಎಂದರು.

ಹೊಲದ ಮೂಲೆಯಲ್ಲಿ, ಬಾವಿಗೆ ಹತ್ತಿರವಾಗಿ, ಅವರನ್ನು ಮಣ್ಣು ಮಾಡಿದೆವು. ಅತ್ತೆ ಅಳಲಿಲ್ಲ. ಬಂದ ಹೆಂಗಸರು ಅಪ್ಪಿಕೊಂಡು ಹಾಡಿಕೊಂಡು ಅತ್ತರೂ ಅವರು ಒಣಗಿದ ಕಣ್ಣಿನಿಂದ ಗೋಡೆ ನೋಡುತ್ತ ಕುಳಿತಿದ್ದರು. ನಾಯಿ ಸಮಾಧಿಯ ಪಕ್ಕ ಹೋಗಿ ಮಲಗಿತು. ನನ್ನ ಗಂಡ ಹಾಲು ಒಯ್ದರು, ಬಿಸ್ಕೀಟು ಒಯ್ದರು. ಮೂಸಿ ಮುಖ ತಿರುಗಿಸಿತು. ಬಾವಿಯ ಬಳಿಯ ತೊಟ್ಟಿಯಲ್ಲಿ ಒಂದಿಷ್ಟು ನೀರು ನೆಕ್ಕಿ ಮತ್ತೆ ಅಲ್ಲಿಯೇ ಬಂದು ಮಲಗುತ್ತಿತ್ತು. ಪಕ್ಕೆಲುಬು ಕಾಣತೊಡಗಿದವು.

"ಬೇ ಅವ್ವಾ, ಕೂಸು ಏನೂ ತಿನ್ನವಲ್ದು. ಹಿಂಗಾದ್ರ ಉಳಿಯೂದಿಲ್ಲ" ಎಂದು ಗಂಡ ಒಂದು ದಿನ ಅತ್ತೆಯ ಮುಂದೆ ಹೇಳಿದರು.

"ತಿನ್ನದಿದ್ರ ಬಿಡು. ತಿಂದದ್ದು ಸಾಕಾಗೈತಿ ಅದಕ್ಕ" ಎಂದರು ಅತ್ತೆ. ಆ ದನಿಯ ಕಹಿ ನನಗೆ ಅರ್ಥವಾಗಲಿಲ್ಲ. ನಾಯಿಯನ್ನು ಅವರು ದೂರ ಇಟ್ಟದ್ದು ಗೊತ್ತಿತ್ತು, ಆದರೆ ಸಿಟ್ಟು ಮಾಡಿಕೊಂಡದ್ದನ್ನು ನೋಡಿರಲಿಲ್ಲ.

ದಿವಸದ ಕಾರ್ಯಕ್ಕೆ ಬಂಧುಬಳಗ ಸೇರಿತ್ತು. ಸಮಾಧಿಗೆ ಎಡೆ ಇಡಲು ಬಾಳೆ ಎಲೆಯ ಮೇಲೆ ಮಾವನಿಗೆ ಸೇರುತ್ತಿದ್ದುದನ್ನೆಲ್ಲ ಬಡಿಸಿದ್ದೆವು: ಹೋಳಿಗೆ, ಬದನೆಕಾಯಿ ಎಣಗಾಯಿ, ಅನ್ನ, ತುಪ್ಪ. ಅಂದು ಮುಂಜಾನೆಯೇ ನನ್ನ ಗಂಡ ಸಾಲಿನಲ್ಲಿ ಹುಡುಕಿ ಕೆಂಪಾದ ಹಣ್ಣುಗಳನ್ನು ತಂದಿದ್ದರು. ಬೆಳೆಯ ಮೊದಲ ಹಣ್ಣುಗಳು. ಅವನ್ನೂ ಎಲೆಯ ತುದಿಗೆ ಇಟ್ಟೆವು. ಎಲ್ಲರೂ ಕೈಮುಗಿದು ಹಿಂದೆ ಸರಿದು ನಿಂತೆವು.

ಆಗ ಕೂಸು ಎದ್ದಿತು. ಮೈಮೇಲಿನ ಮಣ್ಣು ಕೊಡವಿಕೊಂಡು ಎಲೆಯ ಹತ್ತಿರ ಬಂತು. ಹೋಳಿಗೆಯನ್ನು ಮೂಸಿ ಬಿಟ್ಟಿತು. ತುಪ್ಪವನ್ನೂ ಬಿಟ್ಟಿತು. ಎಲೆಯ ತುದಿಗೆ ಹೋಗಿ ಒಂದು ಸ್ಟ್ರಾಬೆರಿಯನ್ನು ಮುಂದಿನ ಹಲ್ಲಿನಿಂದ ಎತ್ತಿಕೊಂಡು, ಅಲ್ಲಿಯೇ ಕುಳಿತು ಅಗಿಯಿತು.

ಮಾವನ ತಮ್ಮ, ಎಲ್ಲರಿಗೂ ಕಾಕಾ, "ಏ ಹಚಾ! ಎಡಿ ಮುಟ್ಟಿತಲ್ರೋ!" ಎಂದು ಕೋಲೆತ್ತಿದರು.

"ಹೊಡಿಬ್ಯಾಡ್ರಿ."

ಅತ್ತೆಯ ದನಿ. ಅಷ್ಟು ದಿನದಲ್ಲಿ ಅವರು ನಾಲ್ಕು ಜನರಿಗೆ ಕೇಳುವಂತೆ ಮಾತಾಡಿದ್ದು ಅದೇ ಮೊದಲು.

"ಎಡಿ ಮುಟ್ಟಬಾರದು ವೈನಿ…"

"ಮುಟ್ಟಲಿ ಬಿಡ್ರಿ. ಇದ್ದಿದ್ರ ಅವರು ಅದಕ್ಕ ಮೊದಲ ಕೊಡ್ತಿದ್ರು. ಅವರ ಹೊಲ, ಅವರ ಹಣ್ಣು, ಅವರ ನಾಯಿ. ನಿಮಗೇನಾತು?"

ಕಾಕಾ ಕೋಲು ಇಳಿಸಿದರು. ಕೂಸು ಇನ್ನೊಂದು ಹಣ್ಣು ತಿಂದಿತು. ಆಮೇಲೆ ತಿರುಗಿ ನಡೆದು, ಹೋಳಿಗೆಯ ಒಂದು ಮೂಲೆಯನ್ನೂ ಮುರಿದುಕೊಂಡಿತು. ನನ್ನ ಗಂಡ ಮನೆಗೆ ಬಂದ ಮೇಲೆ, "ಹಣ್ಣಿನ ಸೀ ವಾಸನಿ ಹತ್ತಿರಬೇಕು ಅದಕ್ಕ, ಅಷ್ಟ" ಎಂದರು. ಇದ್ದೀತು.

ಮರುದಿನ ಮುಂಜಾನೆ ಪೂಜೆ ಮುಗಿಸಿ ಅತ್ತೆ ಹೊಲಕ್ಕೆ ಹೊರಟರು. ಅವರ ಮೊಣಕಾಲು ನೋವಿಗೆ ಆ ದಾರಿ ಸಣ್ಣದಲ್ಲ. ನಾನು ಹಿಂದೆ ಹೋದೆ. ಸಾಲಿನಲ್ಲಿ ಬಗ್ಗಿ ಹಣ್ಣು ಕಿತ್ತು, ದೂರದಿಂದಲೇ ನಾಯಿಯತ್ತ ಎಸೆದರು. ಕೂಸು ಎದ್ದು ಹೋಗಿ ತಿಂದಿತು. ಸೆರಗಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿಯ ತುಂಡನ್ನೂ ಎಸೆದರು. ಅದನ್ನೂ ತಿಂದಿತು. ಹೀಗೆ ದಿನವೂ ನಡೆಯತೊಡಗಿತು. ಎಸೆಯುವ ದೂರ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಕೂಸು ಅತ್ತೆಯ ಹಿಂದೆ ಮನೆಗೂ ಬರತೊಡಗಿತು, ಸೀರೆಗೆ ತಾಗದಷ್ಟು ಅಂತರ ಬಿಟ್ಟು. ಆ ಅಂತರ ಎಷ್ಟಿರಬೇಕೆಂದು ಅದಕ್ಕೆ ಮೊದಲಿನಿಂದಲೂ ಗೊತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಹಣ್ಣು ಚೆನ್ನಾಗಿ ಬರತೊಡಗಿತು. ನನ್ನ ಗಂಡ ಸಣ್ಣ ಡಬ್ಬಿಗಳಲ್ಲಿ ತುಂಬಿ ಹುಬ್ಬಳ್ಳಿಗೆ ಒಯ್ಯುತ್ತಿದ್ದರು. ನಡುವೆ ಒಮ್ಮೆ ಅಕಾಲದ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತು. ಹಣ್ಣು ಮೆತ್ತಗಾಗಿ ಪೇಟೆಗೆ ಒಯ್ಯುವಂತಿರಲಿಲ್ಲ. ಅತ್ತೆ ಆ ಬುಟ್ಟಿಯ ಮುಂದೆ ಕುಳಿತು, ಕೆಡಿಸುವುದೇಕೆಂದು ಒಂದು ಬೋಗುಣಿ ತುಂಬ ಹಣ್ಣನ್ನು, ಎಲೆ ತೊಟ್ಟು ಸಮೇತ, ಕೂಸಿನ ಮುಂದೆ ಇಟ್ಟರು. ಬೋಗುಣಿಯನ್ನು ಕೂಸು ತಳ ಹೊಳೆಯುವಂತೆ ನೆಕ್ಕಿತು.

ಮರುದಿನ ಅದು ಏಳಲಿಲ್ಲ. ಕಟ್ಟೆಯ ಕೆಳಗೆ ವಾಂತಿ ಮಾಡಿಕೊಂಡಿತ್ತು, ಭೇದಿಯೂ ಆಗಿತ್ತು. ಕರೆದರೆ ಬಾಲದ ತುದಿ ಮಾತ್ರ ಅಲುಗಿಸುತ್ತಿತ್ತು. ಅದೇ ವಾರ ನುಸಿ ಬಿದ್ದಿದೆಯೆಂದು ಗಂಡ ಒಂದಿಷ್ಟು ಸಾಲುಗಳಿಗೆ ಔಷಧ ಹೊಡೆದಿದ್ದರು.

"ಅವ್ವಾ, ಯಾವ ಸಾಲಿನ ಹಣ್ಣು ಹಾಕಿದಿ?"

"ನನಗೇನ್ ಗೊತ್ತಪಾ ಯಾವ ಸಾಲು! ಬುಟ್ಟ್ಯಾಗಿಂದು ಹಾಕಿದೆ" ಎನ್ನುತ್ತಲೇ ಅತ್ತೆ ಕೂಸಿನ ಬಳಿ ಬಂದು ಕುಳಿತರು.

ನಾನು ಶಾಲೆಗೆ ರಜೆ ಹೇಳಿದೆ. ಗಂಡ ಗಾಡಿ ತೆಗೆದರು. ನಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಲು ಗೋಣಿಚೀಲ ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಅತ್ತೆ ಆಗಲೇ ಒಳಗೆ ಹತ್ತಿ ಕುಳಿತಿದ್ದಾರೆ. "ಇಲ್ಲಿ ಕೊಡು ಅದನ್ನ" ಎಂದರು. ನಾನು ಅನುಮಾನಿಸಿದೆ. "ಕೊಡು ಅಂತ ಹೇಳಿದ್ನಿಲ್ಲ? ಚೀಲದ ಮ್ಯಾಲೆ ಉಳ್ಳ್ಯಾಡತೈತಿ." ನಾನು ಕೂಸನ್ನು ಅವರ ಮಡಿಲಲ್ಲಿ ಮಲಗಿಸಿದೆ. ಹೊಲಸಾಗಿದ್ದ ಅದರ ಹಿಂಭಾಗವನ್ನು ಅತ್ತೆ ತಮ್ಮ ಸೆರಗಿನಿಂದ ಸುತ್ತಿ ಹಿಡಿದರು. ಕಲಘಟಗಿ ಮುಟ್ಟುವ ತನಕ ಅದರ ತಲೆಯ ಮೇಲಿನ ಕೈ ತೆಗೆಯಲಿಲ್ಲ.

ದನದ ದವಾಖಾನೆಯಲ್ಲಿ ಇದ್ದದ್ದು ಸಣ್ಣ ವಯಸ್ಸಿನ ಡಾಕ್ಟರ್‌ಬಾಯಿ. ಎಮ್ಮೆಯೊಂದಕ್ಕೆ ಇಂಜೆಕ್ಷನ್ ಮಾಡಿ ಕೈ ತೊಳೆದುಕೊಂಡು ಬಂದರು. ನಾಯಿಯ ಒಸಡು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಚರ್ಮ ಎಳೆದು ನೋಡಿದರು.

"ಏನ್ ತಿಂದೈತ್ರಿ ಅಮ್ಮಾರ?"

"ಕೆಂಪ ಹಣ್ಣು" ಎಂದರು ಅತ್ತೆ. "ನಾನ ಹಾಕೀನ್ರಿ. ಒಂದ ಬೋಗುಣಿ."

"ಸ್ಟ್ರಾಬೆರಿ ಹಾಕಿದ್ರೇನ್ರಿ?" ಡಾಕ್ಟರ್‌ಬಾಯಿ ಹುಬ್ಬೇರಿಸಿದರು. ಔಷಧದ ವಿಷಯವನ್ನು ಗಂಡ ಹೇಳಿದರು, ಬಾಟಲಿಯ ಫೋಟೋ ತೋರಿಸಿದರು. ಅವರು ಅದನ್ನು ಓದಿ, ಮತ್ತೊಮ್ಮೆ ಕೂಸಿನ ಕಣ್ಣಿನ ಪಾಪೆ ನೋಡಿ, "ವಿಷ ಏರಿದ್ರ ಜೊಲ್ಲು ಸುರಿತಿತ್ತು, ಮೈ ನಡಗ್ತಿತ್ತು. ಹಂಗೇನೂ ಕಾಣವಲ್ದು. ಹೊಟ್ಟಿಗೆ ಭಾರ ಆಗೈತಿ. ಆದ್ರೂ ಇವತ್ತ ಇಲ್ಲೇ ಇರ್ರಿ, ಸಲೈನ್ ಹಚ್ಚಿ ನೋಡೂಣು" ಎಂದರು.

ಸಲೈನ್ ಇಳಿಯುತ್ತಿದ್ದಾಗ ಅತ್ತೆ ಮೆಲ್ಲಗೆ ಕೇಳಿದರು: "ಇನ್ನ ಮ್ಯಾಲೆ ಹಣ್ಣು ಬ್ಯಾಡೇನ್ರಿ ಅದಕ್ಕ? ಬಾಳ ಜೀವ ಐತ್ರಿ ಅದರ ಮ್ಯಾಲೆ."

ಡಾಕ್ಟರ್‌ಬಾಯಿ ನಕ್ಕರು. "ಬ್ಯಾಡ ಅಂತ ಯಾರ ಹೇಳಿದ್ರು? ಕೊಡ್ರಿ. ಆದ್ರ ಹಬ್ಬದ ಹೋಳಿಗಿ ಹಂಗ ಕೊಡಬೇಕು, ರೊಟ್ಟಿ ಹಂಗ ಅಲ್ಲ. ನಾಯಿ ಹೊಟ್ಟಿಗೆ ಹಣ್ಣು ಊಟ ಅಲ್ರಿ, ಖುಷಿಗೆ ಅಷ್ಟ. ಇಂಥಾ ನಾಯಿಗೆ ಎರಡೋ ಮೂರೋ ಹಣ್ಣು, ಅದೂ ದಿನಾ ಅಲ್ಲ. ಸಣ್ಣ ನಾಯಿ ಇದ್ರ ಒಂದ ಸಾಕು. ಚೆಂದಂಗೆ ತೊಳಿರಿ, ಮ್ಯಾಲಿನ ಹಸರ ಎಲಿ, ತೊಟ್ಟು ತಗಿರಿ, ಸಣ್ಣಗೆ ಹೆಚ್ಚಿ ಹಾಕ್ರಿ. ಇಡೀದು ಹಾಕಿದ್ರ ಅವಸರದಾಗ ನುಂಗಿ ಗಂಟಲಿಗೆ ಸಿಗಸಿಗೊಂತಾವು."

"ಸಕ್ರಿ ಹಚ್ಚಿ ಕೊಟ್ರ?"

"ಛೇ, ಬ್ಯಾಡ. ಸಕ್ರಿ ಬ್ಯಾಡ, ಕೆನಿ ಬ್ಯಾಡ, ಅಂಗಡಿ ಜಾಮ್ ಬ್ಯಾಡ. ಸಕ್ರಿ ಇಲ್ಲದ್ದು, ಶುಗರ್‌ಫ್ರೀ ಅಂತ ಬರದಿರ್ತಾರಲ್ರಿ, ಅದು ಇನ್ನೂ ಕೆಟ್ಟದ್ದು. ಅದರಾಗಿನ ಒಂದು ಥರದ ಸೀ ಪುಡಿ ನಾಯಿಗೆ ವಿಷ ಆಗ್ತೈತಿ. ಮತ್ತ ಔಷಧ ಹೊಡೆದ ಸಾಲಿಂದು ಮುಟ್ಟಿಸಬ್ಯಾಡ್ರಿ."

ಅತ್ತೆ ಒಂದೊಂದು ಮಾತಿಗೂ ತಲೆಯಾಡಿಸುತ್ತ ಕೇಳಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೂಸು ತಲೆ ಎತ್ತಿ, ಬಾಗಿಲಲ್ಲಿ ಕಟ್ಟಿದ್ದ ಹೋತಿನ ಮೇಲೆ ಗುರ್ ಅಂದಿತು. "ಇನ್ನ ಒಯ್ರಿ, ಆರಾಮ ಐತಿ" ಎಂದರು ಡಾಕ್ಟರ್‌ಬಾಯಿ.

ಮರಳಿ ಬರುವಾಗ ದಾರಿಯ ಎರಡೂ ಬದಿ ಕಬ್ಬು ಕಡಿದ ಹೊಲಗಳಿಗೆ ಬಿಸಿಲು ಬಿದ್ದಿತ್ತು. ಅತ್ತೆ ಮಡಿಲಲ್ಲಿದ್ದ ನಾಯಿಯನ್ನೇ ನೋಡುತ್ತ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದಂತೆ ಮಾತು ಶುರು ಮಾಡಿದರು.

"ಅವತ್ತೂ ರೊಟ್ಟಿ ಮುರದು ಇದಕ್ಕ ಹಾಕಿದ್ರು. ತಾವು ತಿನ್ನಲಿಲ್ಲ. 'ಬಿಸಲಿಗೆ ಚೂರು ಕುಂದರ್ತೀನಿ, ಆಮ್ಯಾಲೆ ಉಣ್ತೀನಿ' ಅಂದ್ರು. ನನ್ನ ಕೈಯಾಗಿನ ಕಡೀ ರೊಟ್ಟಿ ಈ ನಾಯಿ ತಿಂತು. ಅವರು ಹಸಗೊಂಡು ಹೋದ್ರು. ಅಷ್ಟು ವರ್ಷ ಮಾಡಿ ಹಾಕೀನಿ, ಕಡೀಕ ಹಸಗೊಂಡು ಕಳಿಸಿದೆ."

ನಾನು ಅವರ ಕೈ ಹಿಡಿದುಕೊಂಡೆ. ಗಂಡ ಗಾಡಿಯ ವೇಗ ಇಳಿಸಿದರು.

"ಇದರ ಮ್ಯಾಲೆ ಎಷ್ಟು ಸಿಟ್ಟಿತ್ತು ನನಗ. ಇದ ಅವರ ಪಾಲಿಂದು ತಿಂತು ಅಂತ." ಅವರು ಮೂಗೆಳೆದರು. "ಮುಂಜಾನೆ ಇದು ಏಳಲಿಲ್ಲ ನೋಡು, ಆಗ ಅನಿಸ್ತು. ತಿಂದದ್ದು ಚಲೋ ಆತು. ಅವರ ಕೈಯಾಗಿಂದು ಒಂದ ಜೀವರ ತಿಂತಲ್ಲ."

ಅಷ್ಟು ಹೇಳಿ ಅವರು ಅತ್ತರು. ಮಾವ ಹೋದ ಮೇಲೆ ಮೊದಲ ಸಲ. ಸೆರಗು ಹೊಲಸಾಗಿದ್ದರಿಂದ ಕಣ್ಣೊರೆಸಿಕೊಳ್ಳಲು ನನ್ನ ವೇಲು ಕೊಟ್ಟೆ. ಕೂಸು ಕತ್ತೆತ್ತಿ ಅವರ ಗದ್ದ ನೆಕ್ಕಿತು. ಅತ್ತೆ ಮುಖ ಸರಿಸಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ, ಸೀರೆ ತೊಳೆದು, ಎರಡನೆಯ ಸಲ ಪೂಜೆಗೆ ಕುಳಿತರು. ಹೊಸ್ತಿಲಿನ ಕಟ್ಟಳೆಯೂ ಹಾಗೇ ಉಳಿಯಿತು. ಆದರೆ ಅವರೇ ಹೊಸ್ತಿಲ ಈಚೆ ಬಂದು ಕೂರತೊಡಗಿದರು. ಒಂದೆರಡು ದಿನ ಕೂಸಿಗೆ ಬರೀ ಗಂಜಿ, ಆಮೇಲೆ ಮೆತ್ತಗೆ ಕಲಸಿದ ಅನ್ನ. ಬಾವಿಯ ಕಡೆಯ ಒಂದು ಸಾಲಿಗೆ ಔಷಧ ಹೊಡೆಯಕೂಡದೆಂದು ಮಗನಿಗೆ ಆಜ್ಞೆಯಾಯಿತು. ಪಕ್ಕದ ಸಾಲಿಗೆ ಹೊಡೆಯುವಾಗ ಆ ಸಾಲಿನ ಮೇಲೆ ತಮ್ಮ ಹಳೆಯ ಇಳಕಲ್ ಸೀರೆ ಹೊದಿಸುತ್ತಿದ್ದರು. ಹುಬ್ಬಳ್ಳಿಗೆ ಹೋಗುವ ಹಣ್ಣಿಗೂ ಆ ಉಪಚಾರವಿರಲಿಲ್ಲ.

ಸೋಮವಾರ ಮತ್ತು ಅಮಾವಾಸ್ಯೆ ಹಣ್ಣಿನ ದಿನಗಳೆಂದು ಅತ್ತೆಯೇ ಗೊತ್ತು ಮಾಡಿದರು. ಅಂದು ಹಣ್ಣು ತೊಳೆದು, ತೊಟ್ಟು ತೆಗೆದು, ಈಳಿಗೆಮಣೆಯ ಮೇಲೆ ನಾಲ್ಕು ನಾಲ್ಕು ಹೋಳು ಮಾಡುವರು. ಕೂಸು ಎದುರಿಗೆ ಕುಳಿತು, ಹೋಳು ಬಿದ್ದಂತೆಲ್ಲ ಕತ್ತನ್ನು ಅತ್ತ ಇತ್ತ ವಾಲಿಸುತ್ತಿತ್ತು. ಕೈಯಿಂದಲೇ ಒಂದೊಂದಾಗಿ ತಿನ್ನಿಸುವರು. ನಡುವೆ ಹೊಲದ ಸುದ್ದಿ, ಕಾಕಾನ ಸುದ್ದಿ, ನನ್ನ ಸಾರಿಗೆ ಉಪ್ಪು ಹೆಚ್ಚಾದ ಸುದ್ದಿಯನ್ನೆಲ್ಲ ಅದಕ್ಕೆ ಹೇಳುವರು. "ಮುಗೀತು, ಹೋಗು. ಡಾಕ್ಟರ್‌ಬಾಯಿ ಬೈತಾಳ" ಎಂದು ಖಾಲಿ ಅಂಗೈ ತೋರಿಸಿದ ಮೇಲೆಯೂ ಅದು ಅಂಗೈಯ ಗೆರೆಗಳನ್ನೆಲ್ಲ ನೆಕ್ಕಿಯೇ ಏಳುತ್ತಿತ್ತು.

ಸುದ್ದಿ ಓಣಿಯಲ್ಲಿ ಹಬ್ಬಿತು. ಬಾಜು ಮನೆಯಾಕೆ ಒಮ್ಮೆ ಬಂದು, "ಯಕ್ಕಾ, ನಮ್ಮ ನಾಯಿಗೆ ದ್ರಾಕ್ಷಿ ಹಾಕ್ಲೇನು? ತಂದದ್ದು ಹೆಚ್ಚಾಗ್ಯಾವು" ಎಂದು ಕೇಳಿದಳು. ಅತ್ತೆ ನನ್ನತ್ತ ನೋಡಿದರು. ನಾನು ಡಾಕ್ಟರ್‌ಬಾಯಿಗೆ ಫೋನ್ ಮಾಡಿ ಕೇಳಿದೆ. ದ್ರಾಕ್ಷಿ, ಒಣದ್ರಾಕ್ಷಿ ಒಂದೂ ಹಾಕಬಾರದು, ಮೂತ್ರಪಿಂಡ ಕೆಡುತ್ತದೆ ಎಂದರು. ಅಂದಿನಿಂದ ಅತ್ತೆಯ ಎದುರು ಯಾರಾದರೂ ನಾಯಿಗೆ ಏನಾದರೂ ಎಸೆದರೆ ವಿಚಾರಣೆ ತಪ್ಪಿದ್ದಲ್ಲ. "ಏನದು? ದ್ರಾಕ್ಷಿ ಅಲ್ಲ ಹೌದಿಲ್ಲೋ?"

ಶಿವರಾತ್ರಿ ಕಳೆದು ಬಿಸಿಲು ಏರಿದಂತೆ ಗಿಡಗಳು ಸೊರಗಿದವು. ಹಣ್ಣು ಗುಂಡಿಯಷ್ಟಾಗಿ, ಆಮೇಲೆ ಬರುವುದೇ ನಿಂತಿತು. ಗಂಡ ಸಾಲು ಕಿತ್ತು ಪ್ಲಾಸ್ಟಿಕ್ ಸುತ್ತಿದರು. ಲಾಭವೇನೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ಬರುವ ವರ್ಷ ಹಚ್ಚುವುದೋ ಬೇಡವೋ ಎಂದು ಅವರು ಇನ್ನೂ ಯೋಚಿಸುತ್ತಿರುವಾಗಲೇ ಅತ್ತೆ ಫೋನಿನಲ್ಲಿ ಬೀಗರಿಗೆ ಸಸಿ ಕಳಿಸಲು ಹೇಳಿಯಾಗಿತ್ತು. ಬೀಗರನ್ನು ಬೈಯುವುದನ್ನು ಅವರು ಯಾವಾಗ ಬಿಟ್ಟರೋ ನನಗೆ ನೆನಪಿಲ್ಲ.

ಹಣ್ಣಿಲ್ಲದ ಮೊದಲ ಸೋಮವಾರ ಕೂಸು ವಾಡಿಕೆಯಂತೆ ಈಳಿಗೆಮಣೆಯ ಎದುರು ಬಂದು ಕುಳಿತಿತು. ಅತ್ತೆಗೆ ಪೇಚಾಟ. ನನ್ನಿಂದ ಡಾಕ್ಟರ್‌ಬಾಯಿಯನ್ನು ಕೇಳಿಸಿ, ಎಳೆಯ ಸೌತೆಕಾಯಿ ಕೊಡಬಹುದೆಂದು ಗೊತ್ತು ಮಾಡಿಕೊಂಡು, ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿದರು. ಒಂದು ಹೋಳನ್ನು ಮುಂದೆ ಹಿಡಿದರು.

ಕೂಸು ಅದನ್ನು ಬಾಯಲ್ಲಿ ತೆಗೆದುಕೊಂಡಿತು. ಅಗಿಯಲಿಲ್ಲ. ಅತ್ತೆಯ ಮುಖವನ್ನು ಒಂದು ಕ್ಷಣ ನೋಡಿ, ಎದ್ದು, ನಿಧಾನವಾಗಿ ಅಂಗಳ ದಾಟಿ ತಿಪ್ಪೆಯವರೆಗೆ ನಡೆಯಿತು. ಅಲ್ಲಿ ಹೋಳನ್ನು ಇಳಿಸಿ, ಮೂಗಿನಿಂದ ಅದರ ಮೇಲೆ ಅಷ್ಟು ಕಸ ತಳ್ಳಿ ಮುಚ್ಚಿತು. ಮತ್ತೆ ಅಷ್ಟೇ ನಿಧಾನವಾಗಿ ಬಂದು ಮೊದಲಿನ ಜಾಗದಲ್ಲಿ ಕುಳಿತು, ಇನ್ನು ಕೊಡು ಎಂಬಂತೆ ಕತ್ತು ವಾಲಿಸಿತು.

ಅತ್ತೆಗೆ ನಗು ಬಂತು. ಮೊದಲು ತುಟಿ ಬಿಗಿಹಿಡಿದು ತಡೆದರು. ಆಮೇಲೆ ತಡೆಯಲಾರದೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೋಡ ಬೇ ಇದರ ಸೊಕ್ಕ, ಮಣ್ಣು ಮಾಡಿ ಬಂತು ನನ್ನ ಸೌತಿಕಾಯಿನ!" ಎಂದು ನನ್ನ ಭುಜ ಹಿಡಿದು ನಕ್ಕರು. ಹಿತ್ತಲಲ್ಲಿದ್ದ ನನ್ನ ಗಂಡ ಕೈಯಲ್ಲಿದ್ದ ಕೆಲಸ ಬಿಟ್ಟು, ಮನೆಯಲ್ಲಿ ನಗುತ್ತಿರುವವರು ಯಾರೆಂದು ನೋಡಲು ಓಡಿ ಬಂದರು.